ಸೇವಂತಿ ಮಾಡಿದ ತಣ್ಣನೆಯ ನೂಡಲ್ಸ್

ನನ್ನ ತಮ್ಮನ ಹೆಂಡತಿ ಸೇವಂತಿಯಷ್ಟು ಹೆದರುಪುಕ್ಕಲಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಕಾಪುವಿನಿಂದ ಮದುವೆಯಾಗಿ ಭಾಂಡುಪಿಗೆ ಬಂದವಳು ಮೊದಲ ವರ್ಷವಿಡೀ ಲಿಫ್ಟ್ ಹತ್ತಲಿಲ್ಲ. ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳು. ಲೋಕಲ್ ಟ್ರೇನಿನಲ್ಲಿ ಒಬ್ಬಳೇ ಹೋಗುವುದಂತೂ ದೂರದ ಮಾತು. ಸಾಂತಾಕ್ರೂಜಿನ ಹೋಟೆಲಿನಲ್ಲಿ ಗಲ್ಲೆಗೆ ಕೂತು ಬಿಲ್ಲಿನ ದುಡ್ಡು ಎಣಿಸುವ ನನ್ನ ತಮ್ಮ ಸುಕೇಶ ರಜೆ ಹಾಕಿ ಜೊತೆಗೆ ಹೋಗಬೇಕಿತ್ತು. ನಾನು ಅದೇ ಬಿಲ್ಡಿಂಗಿನ ಕೆಳಗಿನ ಮಾಳಿಗೆಯವಳು, ಗಂಡನಿಲ್ಲದವಳು, ಬಾಯಿ ಸ್ವಲ್ಪ ಜೋರು. "ನಿನ್ನ ನೆರಳಿಗೂ ಒಂದು ಟಿಕೆಟ್ ತೆಗಿ ಮಾರಾಯ್ತಿ, ಧೈರ್ಯಕ್ಕೆ ಆಗ್ತದೆ" ಎಂದು ಅವಳನ್ನು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಕಳೆದ ವರ್ಷ ಆ ನಗು ನಿಂತಿತು.

ಅವಳ ಒಬ್ಬಳೇ ಮಗಳು ಯಕ್ಷಿತಾ ಕಾಲೇಜಿಗೆ ಹೋಗುವ ಹುಡುಗಿ. ಡಾನ್ಸ್ ಗ್ರೂಪಿನಲ್ಲಿ ಯಾರೋ ಅವಳ ಮೈಯ ಬಗ್ಗೆ ಒಂದು ಮಾತು ಆಡಿದರಂತೆ. ಅದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಅವರ ಗ್ರಹಚಾರ ಬಿಡಿಸುತ್ತೇನೆ. ಹುಡುಗಿ ಮೊದಲು ಅನ್ನ ಬಿಟ್ಟಳು. ಆಮೇಲೆ ಮೀನು, ಆಮೇಲೆ ತೆಂಗಿನಕಾಯಿ ಹಾಕಿದ್ದೆಲ್ಲ. ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಬಿಟ್ಟರೆ ಉಳಿಯುವುದಾದರೂ ಏನು? ಹೊರಗೆ ತಿಂದೆ, ಹಸಿವಿಲ್ಲ, ಆಮೇಲೆ ನೋಡೋಣ ಎಂದು ದಿನಕ್ಕೊಂದು ನೆವ ಹೇಳುತ್ತಿದ್ದಳು. ನಾವೂ ದಡ್ಡರು, ಪರೀಕ್ಷೆಯ ಟೆನ್ಷನ್ ಎಂದುಕೊಂಡೆವು. ಒಂದು ದಿನ ಭಾಂಡುಪ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ಯಾರೋ ಹೆಂಗಸರು, ಪುಣ್ಯ ಬರಲಿ ಅವರಿಗೆ, ರಿಕ್ಷಾದಲ್ಲಿ ಮನೆಗೆ ತಂದು ಬಿಟ್ಟರು. ಬಟ್ಟೆ ಬದಲಿಸುವಾಗ ಮಗಳ ಎಲುಬೆದ್ದ ಬೆನ್ನು ನೋಡಿದ ಸೇವಂತಿ ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತಳು.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಇದು ಹಟವಲ್ಲ, ಕಾಯಿಲೆ. ಹೀಗೇ ಮುಂದುವರಿದರೆ ಹೃದಯ ಯಾವಾಗ ಬೇಕಾದರೂ ಕೈಕೊಡಬಹುದು. ಔಷಧಿ ಬರೆದು, ಕೌನ್ಸೆಲಿಂಗಿಗೂ ದಾರಿ ಮಾಡಿಕೊಟ್ಟು, ಹೊರಡಲು ಎದ್ದ ಸೇವಂತಿಯನ್ನು ಮತ್ತೆ ಕೂರಿಸಿ ಇನ್ನೊಂದು ಮಾತು ಹೇಳಿದರು: ಕದ್ದುಮುಚ್ಚಿ ಅವಳ ಊಟದಲ್ಲಿ ಏನನ್ನೂ ಸೇರಿಸಬೇಡಿ; ಒಮ್ಮೆ ನಂಬಿಕೆ ಹೋದರೆ ನಿಮ್ಮ ಕೈಯ ನೀರನ್ನೂ ಅವಳು ಮುಟ್ಟಲಿಕ್ಕಿಲ್ಲ. ಸೇವಂತಿ ತಲೆಯಾಡಿಸಿದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಇದ್ದದ್ದು ಹೆದರಿಕೆಯೊಂದೇ. ಹುಡುಗಿ ಮಧ್ಯಾಹ್ನ ಕಣ್ಣುಮುಚ್ಚಿದರೆ ಸೇವಂತಿ ಹೋಗಿ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದಳು. ಸದ್ದು ನಿಂತರೆ ಇವಳ ಉಸಿರೂ ನಿಲ್ಲುತ್ತಿತ್ತು. ನನ್ನ ಕತೆಯೂ ಬೇರೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೇಲಿನ ಮನೆಯಲ್ಲಿ ಒಂದು ಪಾತ್ರೆ ಬಿದ್ದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಯಕ್ಷಿತಾ ತಾನಾಗಿಯೇ ಬಾಯಿ ಬಿಟ್ಟಳು. ನಾನು ಅಲ್ಲೇ ಇದ್ದೆ. ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಮಮ್ಮಿ, ಇದು ಮಾಡ್ತೀಯಾ? ಕೊರಿಯನ್ ಕೋಲ್ಡ್ ನೂಡಲ್ಸ್. ಥೋಡಾ ತಿನ್ನಬಹುದು ನಾನು... ಶಾಯದ್" ಎಂದಳು.

ವಿಡಿಯೋ ನೋಡಿದೆವು. ನೂಲಿನಂಥ ನೂಡಲ್ಸನ್ನು ಬೇಯಿಸಿ, ತಣ್ಣೀರಿನಲ್ಲಿ ಬಟ್ಟೆ ಒಗೆದ ಹಾಗೆ ತಿಕ್ಕಿ ತೊಳೆಯುತ್ತಾರೆ. ಕೆಂಪು ಮೆಣಸಿನ ಪೇಸ್ಟ್, ವಿನೆಗರ್, ಚೂರು ಸಕ್ಕರೆ ಕಲಸಿ, ಸೌತೆಕಾಯಿಯ ಸೀಳು ಹಾಕಿ, ಮೇಲೆ ಐಸ್ ಇಡುತ್ತಾರೆ. ಬಿಸಿ ಎಂಬುದು ಎಲ್ಲಿಯೂ ಇಲ್ಲ. ಮೈ ಸರಿಯಿಲ್ಲದ ಮಗುವಿಗೆ ಐಸಿನ ಊಟವೇ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ.

"ಆಯಿಲ್ ಮಾತ್ರ ಬೇಡ. ಪ್ರಾಮಿಸ್?" ಎಂದಳು ಯಕ್ಷಿತಾ.

"ಪ್ರಾಮಿಸ್" ಎಂದಳು ಸೇವಂತಿ.

ಸಾಮಾನು ಮಲಾಡಿನ ಒಂದು ಅಂಗಡಿಯಲ್ಲಿ ಸಿಗುತ್ತದೆಂದು ಹುಡುಗಿಯೇ ಹೇಳಿದಳು. "ಸಂಜೆ ಸುಕೇಶ ತರ್ತಾನೆ, ಇರು" ಎಂದೆ ನಾನು.

"ಸಂಜೆಗೆ ಅವಳ ಮನಸ್ಸು ಬದಲಾದ್ರೆ ಅತ್ತಿಗೆ?"

ಹೋದಳು. ದಾದರಿನ ಆ ನೂಕುನುಗ್ಗಲಿನಲ್ಲಿ ಗಾಡಿ ಬದಲಿಸಿ, ಒಬ್ಬಳೇ ಮಲಾಡಿಗೆ ಹೋಗಿ ಬಂದಳು. ಬಂದವಳ ಸೆರಗಿನ ಪಿನ್ನು ಕಿತ್ತುಹೋಗಿತ್ತು, ರವಿಕೆ ಬೆವರಿನಲ್ಲಿ ತೊಯ್ದಿತ್ತು. ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡಿದ್ದಳು. ಆ ದಿನ ನಾನು ಅವಳನ್ನು ತಮಾಷೆ ಮಾಡಲಿಲ್ಲ.

ನಾನು ಸೌತೆಕಾಯಿ ಹೆಚ್ಚಿದೆ. ಅವಳು ನೂಡಲ್ಸ್ ಬೇಯಿಸಿ, ತಣ್ಣೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಬಟ್ಟಲಿನಲ್ಲಿ ಮೆಣಸಿನ ಪೇಸ್ಟನ್ನು ಕಲಸಿದಳು. ಆಮೇಲೆ ಬಾಗಿಲ ಕಡೆಗೊಮ್ಮೆ ನೋಡಿ, ತೆಂಗಿನೆಣ್ಣೆಯ ಡಬ್ಬಿ ಕೈಗೆ ತೆಗೆದುಕೊಂಡಳು. ಎರಡು ದೊಡ್ಡ ಚಮಚ ಆ ಕೆಂಪಿನೊಳಗೆ ಸುರಿದು ಬೇಗಬೇಗ ಕಲಸಿಬಿಟ್ಟಳು. ವಿನೆಗರಿನ ಘಾಟಿಗೆ ವಾಸನೆ ಮುಚ್ಚಿಹೋಯಿತು. ನನ್ನ ಮುಖ ನೋಡಿದಳು. ಡಾಕ್ಟರು ಹೇಳಿದ್ದು ನನಗೂ ನೆನಪಿತ್ತು, ಆದರೆ ನಾನು ತಡೆಯಲಿಲ್ಲ. ಅಷ್ಟು ಎಣ್ಣೆ ಹೊಟ್ಟೆಗೆ ಹೋದರೆ ಮಗು ಒಂದು ದಿನವಾದರೂ ಹೆಚ್ಚು ಬದುಕೀತು ಎಂಬ ಆಸೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನೂಡಲ್ಸಿಗೆ ಎಲ್ಲ ಬೆರೆಸಿ, ಮೇಲೆ ಐಸ್ ಇಟ್ಟು ಒಯ್ದೆವು.

ಯಕ್ಷಿತಾ ತನ್ನ ಕೋಣೆಯಲ್ಲಿ ಹಾಸಿಗೆಯ ಮೇಲೆ ಕುಳಿತಿದ್ದಳು. ಬಟ್ಟಲನ್ನು ನೋಡಿ, "ಇಲ್ಲಿ ಇಡು. ಬಾಗಿಲು ಹಾಕಿ ಹೋಗಿ. ನೀವು ನೋಡಿದ್ರೆ ನನಗೆ ಆಗೋದಿಲ್ಲ" ಎಂದಳು.

ನಮ್ಮೂರ ಕಡೆ ತೀರಿಕೊಂಡ ಹಿರಿಯರಿಗೆ ಬಡಿಸುವ ಒಂದು ಕ್ರಮವಿದೆ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು ಮಾತಿಲ್ಲದೆ ನಿಲ್ಲುತ್ತೇವೆ. ಒಳಗೆ ಅನ್ನ ತಣ್ಣಗಾಗುತ್ತಿರುತ್ತದೆ. ಸೇವಂತಿ ಬಾಗಿಲು ಎಳೆದು ಇತ್ತ ತಿರುಗಿದಾಗ ಅವಳ ಮುಖ ಸುಣ್ಣದ ಗೋಡೆಯ ಹಾಗಿತ್ತು. ಏನು ನೆನೆಸಿಕೊಂಡಿದ್ದಾಳೆಂದು ನಾನು ಕೇಳಬೇಕಾಗಿರಲಿಲ್ಲ. ನನ್ನ ತಲೆಯಲ್ಲೂ ಅದೇ ಇತ್ತು. "ಒಳಗೆ ಸದ್ದೇ ಇಲ್ಲ ಅತ್ತಿಗೆ" ಎಂದು ಪಿಸುಗುಟ್ಟಿ ನನ್ನ ಕೈ ಹಿಡಿದಳು.

ಬಾಗಿಲು ತೆರೆಯಿತು. ಯಕ್ಷಿತಾ ಬಟ್ಟಲು ಹಿಡಿದುಕೊಂಡು ನಿಂತಿದ್ದಳು.

ಕೆಂಪು ನೂಡಲ್ಸಿನ ಮೇಲೆಲ್ಲ ಬಿಳಿ ಬಿಳಿ ಗಂಟು. ಐಸ್ ತಾಗಿದಲ್ಲೆಲ್ಲ ತೆಂಗಿನೆಣ್ಣೆ ಹೆಪ್ಪುಗಟ್ಟಿ, ಮೇಣ ಮೆತ್ತಿದ ಹಾಗೆ ಕೂತುಬಿಟ್ಟಿತ್ತು. ಹುಟ್ಟಿದಂದಿನಿಂದ ತೆಂಗಿನೆಣ್ಣೆಯಲ್ಲೇ ಅಡುಗೆ ಮಾಡಿದವರು ನಾವು, ಆದರೆ ಅದರ ಮೇಲೆ ಐಸ್ ಇಟ್ಟು ಉಂಡವರು ಯಾರಿದ್ದಾರೆ? ಇಬ್ಬರಿಗೂ ಹೊಳೆದಿರಲಿಲ್ಲ.

"ಮಮ್ಮಿ, ಯೇ ಕ್ಯಾ ಹೈ?"

ನಾನೇ ಮಧ್ಯೆ ಬಾಯಿ ಹಾಕಿದೆ. "ಅದು ಐಸಿನ ಪುಡಿ ಮಗಾ, ಮತ್ತೆಂತದೂ ಅಲ್ಲ" ಎಂದೆ.

"ಸುಮ್ಮನಿರಿ ಅತ್ತಿಗೆ" ಎಂದಳು ಸೇವಂತಿ. ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಮಗಳ ಕಡೆ ತಿರುಗಿದಳು. "ತೆಂಗಿನೆಣ್ಣೆ. ನಿನಗೆ ಗೊತ್ತಾಗಬಾರ್ದು ಅಂತಲೇ ಹಾಕಿದೆ. ಪ್ರಾಮಿಸ್ ಮಾಡಿ ಮೋಸ ಮಾಡಿದೆ. ನೀನು ಸತ್ತುಹೋಗ್ತಿ ಅಂತ ನಂಗೆ ಹೆದರಿಕೆ ಮಗಾ. ಬೆಳಿಗ್ಗೆ ಎದ್ರೆ ಹೆದರಿಕೆ, ನೀನು ಕಣ್ಣು ಮುಚ್ಚಿದ್ರೆ ಹೆದರಿಕೆ."

ಸಾವು ಎಂಬ ಶಬ್ದವನ್ನು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಈಗ ಬಟ್ಟಲು ನೆಲಕ್ಕೆ ಬೀಳುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಇನ್ನು ಈ ಹುಡುಗಿ ತಾಯಿಯ ಕೈಯಿಂದ ಏನನ್ನೂ ಮುಟ್ಟುವುದಿಲ್ಲ ಎಂದು ನಾನು ಕಾಯುತ್ತ ನಿಂತೆ.

ಯಕ್ಷಿತಾ ಆ ಬಿಳಿ ಗಂಟುಗಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ನಂಗೂ ಹೆದರಿಕೆ ಆಗ್ತದೆ, ಮಮ್ಮಿ" ಎಂದಳು. "ತಿನ್ಲಿಕ್ಕೆ. ಸಚ್ಚಿ. ನೀವು ಎಲ್ಲ ಹಟ ಅಂದ್ಕೊಳ್ತೀರಿ."

ಸೇವಂತಿ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡಳು. "ಬಾ. ನಿನ್ನ ಎದುರೇ ಬೇರೆ ಮಾಡ್ತೇನೆ. ಒಂದೊಂದೂ ನೋಡು."

ಮತ್ತೆ ನೀರು ಕುದಿಯಿತು. ಹುಡುಗಿ ಒಲೆಯ ಪಕ್ಕ ಕಟ್ಟೆಗೆ ಒರಗಿ ನಿಂತು ಬಟ್ಟಲಿಗೆ ಬಿದ್ದದ್ದನ್ನೆಲ್ಲ ನೋಡಿದಳು. ಪೇಸ್ಟ್, ವಿನೆಗರ್, ಸಕ್ಕರೆ, ಸೌತೆಕಾಯಿ. ವಿಡಿಯೋದಲ್ಲಿ ಕಡೆಗೆ ಒಂದು ಚಮಚ ಎಳ್ಳೆಣ್ಣೆ ಬೀಳುತ್ತದೆ. ಸೇವಂತಿ ಮಲಾಡಿನಿಂದ ಅದನ್ನೂ ತಂದಿದ್ದಳು. ಬಾಟಲಿಯ ಮುಚ್ಚಳ ತೆರೆದು, ಎಲ್ಲಿಯೂ ಸುರಿಯದೆ ಕೇಳಿದಳು, "ಹಾಕ್ಲಾ ಮಗಾ? ಬೇಡ ಅಂದ್ರೆ ಇಲ್ಲ."

ಯಕ್ಷಿತಾ ಹಾವು ಕಂಡವಳ ಹಾಗೆ ಬಾಟಲಿಯನ್ನು ನೋಡಿದಳು. ಹಾಕು ಎನ್ನು, ಒಮ್ಮೆ ಹಾಕು ಎನ್ನು ಎಂದು ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

"ಇವತ್ತು ಬೇಡ" ಎಂದಳು. ಸ್ವಲ್ಪ ತಡೆದು, "ನಾಳೆ" ಎಂದಳು.

ಸೇವಂತಿ ಮುಚ್ಚಳ ಹಾಕಿದಳು. ಹುಡುಗಿ ಅಡುಗೆಮನೆಯಲ್ಲೇ ನಿಂತು, ತಾಯಿಯ ಸೆರಗಿನ ತುದಿ ಹಿಡಿದುಕೊಂಡು, ಒಂದೊಂದೇ ಎಳೆ ಬಾಯಿಗಿಟ್ಟುಕೊಂಡಳು. ಖಾರಕ್ಕೆ ಮೂಗು ಸೋರಿತು. ಅರ್ಧಕ್ಕಿಂತ ಹೆಚ್ಚು ಬಟ್ಟಲಲ್ಲೇ ಉಳಿಯಿತು. ಉಳಿದದ್ದನ್ನು ತಿನ್ನು ಎಂದು ಸೇವಂತಿ ಹೇಳಲಿಲ್ಲ, ನನಗೂ ಕಣ್ಣಲ್ಲೇ ಬೇಡವೆಂದಳು.

ಮಗಳು ಕೋಣೆಗೆ ಹೋದ ಮೇಲೆ ಸೇವಂತಿ ಹೊರಗಿನ ಪ್ಯಾಸೇಜಿಗೆ ಬಂದಳು. ಗೋಡೆಗೆ ಒರಗಿ, ಸದ್ದು ಬಾರದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಅಷ್ಟಾದ್ರೂ ತಿಂದಳಲ್ಲ, ಅಳಬೇಡ" ಎಂದೆ ನಾನು.

"ತಿಂದದ್ದಕ್ಕಲ್ಲ ಅತ್ತಿಗೆ" ಎಂದಳು. "ನಾಳೆ ಅಂದಳಲ್ಲ. ನಾಳೆ ಅಂದಳು."