ಆಟ ನೋಡಲು ಇನ್ನೊಬ್ಬರು ಬೇಕು

ಬೆಳಗಿನ ಆರೂವರೆ. ಮಸಗುಪ್ಪಿಯ ಶಾಲೆಯ ಅಂಗಳದಲ್ಲಿ ದಾನೇಶ್ವರಿ ಸುಣ್ಣದ ಪುಡಿಯಿಂದ ಕಾಲುವೆ ಎಳೆಯುತ್ತಿದ್ದಾರೆ. ಬದಿಗೆ ನಾಲ್ಕು ಹೊಲ, ಕಾಲುವೆಯ ತಲೆಯಲ್ಲಿ ಒಟ್ಟು ಹನ್ನೆರಡು ತಂಬಿಗೆ ನೀರು. ಗೆರೆ ಮುಗಿದೊಡನೆ, ಮಕ್ಕಳಿಗಾಗಿ ಕಟ್ಟಿದ ಈ ನೀರು ಹಂಚುವ ಆಟವನ್ನು ಒಬ್ಬರೇ ಆಡಿ ನೋಡುತ್ತಾರೆ. ಮೇಲಿನ ಹೊಲದ ರೈತರಾಗಿ ಜಗಳ ತೆಗೆದು, ಕೆಳಗಿನ ಹೊಲಕ್ಕೆ ಓಡಿ ತಾವೇ ಉತ್ತರ ಕೊಡುತ್ತಾರೆ. ದಾರಿಹೋಕರು ನಕ್ಕು ಮುಂದೆ ಹೋಗುತ್ತಾರೆ.

"ಮೊದಲ ನಾಚಿಕಿ ಬರ್ತಿತ್ರಿ. ಆಟದಾಗ ತಪ್ಪಿದ್ರ ಹುಡುಗ್ರು ತಪ್ಪ ಕಲೀತಾವ. ಅದಕ್ಕ ನಾನ ಮೊದಲ ಆಡಬೇಕು."

ನಲವತ್ತೊಂದರ ಈ ಗಣಿತ ಶಿಕ್ಷಕಿ ಮೂಡಲಗಿಯ ಕೋಣೆಯೊಂದರಲ್ಲಿ ಒಬ್ಬರೇ ಇದ್ದಾರೆ. ರಜೆ ಹಾಕಿ, ಬಸ್ಸು ಹಿಡಿದು ಗೋಕಾಕ, ಹುಕ್ಕೇರಿಯ ಶಾಲೆಗಳಿಗೂ ತಮ್ಮ ಆಟ ಒಯ್ಯುತ್ತಾರೆ. ಆರು ವರ್ಷ, ಇಪ್ಪತ್ಮೂರು ಆಟ, ಬರೆದು ತುಂಬಿಸಿದ ಹದಿನಾಲ್ಕು ವಹಿ. ಆಟವಿದ್ದಾಗ ಮಕ್ಕಳು ದಿನವಿಡೀ ರೈತರಾಗಿಯೇ ಇರುತ್ತಾರೆ, ಊಟವೂ ಸುಣ್ಣದ ಬದುವಿನ ಮೇಲೆ. ದಾನೇಶ್ವರಿ ಬೇವಿನ ಕೆಳಗೆ ಕುಳಿತು, ಯಾರು ಎಲ್ಲಿ ತಡವರಿಸಿದರು, ಯಾರು ಹೇಗೆ ಬಿಡಿಸಿದರು ಎಂದು ಬರೆಯುತ್ತಾರೆ. ಆಟ ಮುಗಿಯುವವರೆಗೆ ಅವರು ಮಾತಾಡುವಂತಿಲ್ಲ. ಯಾರೂ ಅವರನ್ನು ಮಾತಾಡಿಸುವುದೂ ಇಲ್ಲ.

ಆರನೇ ತರಗತಿಯ ಕಾಜಲ್‌ಗೆ ಭಿನ್ನರಾಶಿಯ ಪರೀಕ್ಷೆಯಲ್ಲಿ ಸೊನ್ನೆ. ಅದೇ ಹುಡುಗಿ ಕೊನೆಯ ಹೊಲದ ರೈತಳಾಗಿ, ಮೇಲಿನ ಹೊಲದವನಾದ ಸಹಪಾಠಿ ಬಾಳೇಶನ ಎದುರು ನಿಂತು ಹೇಳಿದ್ದು ವಹಿಯಲ್ಲಿದೆ: "ಕಾಕಾ, ನಿಮ್ಮ ಪಾಲು ಕಾಲಷ್ಟ. ನೀವು ಅರ್ಧ ತಗೊಂಡೀರಿ. ಮೂರು ತಂಬಿಗಿ ಹೊಳ್ಳಿ ಕೊಡ್ರಿ."

ದಾನೇಶ್ವರಿ ಈ ಪುಟವನ್ನು ಈಗಲೂ ತೆರೆದು ಓದುತ್ತಾರೆ. ಆದರೆ ಇಂಥ ಬರಹವನ್ನು ಅಂಕವಾಗಿ ಪರಿಗಣಿಸಿ ಎಂದು ಕೇಳಿದ್ದಕ್ಕೆ ಶಿಕ್ಷಣ ಇಲಾಖೆಯಿಂದ ಬಂದ ಉತ್ತರ ಚಿಕ್ಕದು: ಒಬ್ಬರ ಕಣ್ಣಳತೆ ಮೌಲ್ಯಮಾಪನವಲ್ಲ. ಮಾರ್ಚ್ ಒಳಗೆ ಎರಡನೆಯವರೊಬ್ಬರು ನೋಡಿ ಬರೆಯದಿದ್ದರೆ ಮುಂದಿನ ವರ್ಷ ಆಟಕ್ಕೆ ಅನುಮತಿಯಿಲ್ಲ.

"ಅವರು ಅಂದದ್ದು ಖರೇನ ಐತ್ರಿ. ಆ ಹುಡುಗಿ ಮ್ಯಾಲ ನನಗ ಜೀವ ಐತಿ. ಜೀವ ಇದ್ದಲ್ಲಿ ಇಲ್ಲದ್ದೂ ಕಾಣತೈತಿ."

ಸಹೋದ್ಯೋಗಿಗಳಿಗೆ ತಮ್ಮ ತಮ್ಮ ಕೆಲಸವೇ ಹೊರಲಾರದಷ್ಟು. ಕರೆದಾಗ ಬಂದವರು ಪರಪ್ಪ ಮಾಸ್ತರರೊಬ್ಬರೇ. ಮೇಯದಂತೆ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಹುದು, ಮಾಸ್ತರರ ಬಾಯಿಗೆ ಕಟ್ಟುವವರು ಯಾರು? ಹತ್ತು ನಿಮಿಷಕ್ಕೇ ಎದ್ದು ಹೋಗಿ ಮಕ್ಕಳಿಗೆ ಉತ್ತರ ಹೇಳಿಕೊಟ್ಟರು. ಅವತ್ತಿನ ಆಟ ಅಲ್ಲಿಗೇ ಮುಗಿಯಿತು. ಈಗ ಜನವರಿಯೂ ಕಳೆಯುತ್ತಿದೆ.

ಏನು ಬೇಕು ಎಂದರೆ ದಾನೇಶ್ವರಿ ಖಾಲಿ ವಹಿಯೊಂದನ್ನು ತೆಗೆದು ಮುಂದಿಡುತ್ತಾರೆ.

"ಯಾರರ ಒಬ್ಬರು ಬಂದು, ಒಂದ ದಿನ ಸುಮ್ಮನ ಕುಂತು, ತಾವು ಕಂಡದ್ದು ಬರೀಲಿರಿ. ಇಬ್ಬರ ವಹಿ ಕೂಡಿಸಿ ನೋಡೂಣು. ನಂದು ತಪ್ಪ ಅಂತ ಆದ್ರೂ ನಡೀತೈತಿ. ತಪ್ಪ ಅನ್ನಾಕರ ಒಬ್ಬರು ಬೇಕಲ್ರಿ."