ಹೊಲದ ಪದ, ದನೂತಮ್ಮನ ಬಾಯಲ್ಲಿ

ಇವತ್ತು ಬೆಳಿಗ್ಗೆ ಅವಲಪಲ್ಲಿಯ ನಮ್ಮ ಬೀದಿ ಮೂಲೆಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾ, ಹತ್ತಿರದ ತಳಿ ಊರಿನಿಂದ ಮೊದಲ ಬಸ್ಸಿಗೆ ಸೊಪ್ಪು ತರುವ ಪಾಪಮ್ಮನ ಬುಟ್ಟಿಯ ಮುಂದೆ ನಿಂತಿದ್ದೆ. ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಎತ್ತಿ ಮೂಗಿಗೆ ಹಿಡಿದೆ. ಕೊಳ್ಳುವ ಮೊದಲು ಮೂಸಿ ನೋಡುವುದು ನನ್ನ ಚಾಳಿ. “ಅದೇನು ಮಲ್ಲಿಗೆ ಹೂವಾ ಅಕ್ಕ?” ಎಂದು ಅವಳು ದಿನಾ ರೇಗಿಸುತ್ತಾಳೆ. ಇವತ್ತು ರೇಗಿಸಲಿಲ್ಲ. “ನಮ್ಮೆಜಮಾನ್ರಿಗೆ ಸಬ್ಬಸಿಗೆ ಬಸ್ಸಾರು ಅಂದ್ರೆ...” ಎಂದವಳು ಅಲ್ಲಿಗೇ ನಿಂತು, ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಆಕೆಯ ಗಂಡ ತೀರಿಹೋಗಿ ಇನ್ನೂ ತಿಂಗಳಾಗಿಲ್ಲ.

ನಾನು ಕಟ್ಟು ಹಿಡಿದುಕೊಂಡೇ ನಿಂತೆ. ಆ ವಾಸನೆಗೆ ದನೂತಮ್ಮ ನೆನಪಾದಳು. ಅವಳ ವಿಷಯ ಹೇಳದೆ ಮುಂದೆ ಹೋದರೆ ನಾನು ಆಮೇಲೆ ಮಾಡಿದ್ದು ನಿಮಗೆ ವಿಚಿತ್ರವಾಗಿ ಕಾಣುತ್ತದೆ. ಆದ್ದರಿಂದ ನೀವೂ ನನ್ನ ಜೊತೆ ಒಂದಿಷ್ಟು ಹೊತ್ತು ಇಲ್ಲೇ ನಿಲ್ಲಿ.

ದನೂತಾ, ನಮ್ಮ ಬೀದಿಯವರ ಬಾಯಲ್ಲಿ ದನೂತಮ್ಮ, ಪೋಲೆಂಡಿನವಳು. ಹೊಸ ಯಂತ್ರ ಕೂರಿಸಲು ಹೊಸೂರಿನ ನಮ್ಮ ಕಾರ್ಖಾನೆಗೆ ಬಂದಿದ್ದ ಇಂಜಿನಿಯರು. ನಾನು ಅಲ್ಲೇ ಸ್ಟೋರ್ಸಿನಲ್ಲಿ ಬೋಲ್ಟು, ಬೇರಿಂಗು ಕಾಯುವವಳು. ಹೋಟೆಲಿನ ವಾಸ ಸಾಕಾಗಿ ಅವಳು ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಳು. ಇದೇ ಪಾಪಮ್ಮನ ಬುಟ್ಟಿಯಲ್ಲಿ ಸಬ್ಬಸಿಗೆ ಕಂಡ ದಿನ, ತವರಿನವರು ಎದುರಿಗೆ ಸಿಕ್ಕಂತೆ ಕೂಗಿಬಿಟ್ಟಳು. ಅವರ ಕಡೆ ಬೇಯಿಸಿದ ಆಲೂಗೆಡ್ಡೆಗೆ ಬೆಣ್ಣೆ ಹಾಕಿ, ಮೇಲೆ ಹಸಿ ಸಬ್ಬಸಿಗೆ ಹೆಚ್ಚಿ ಉದುರಿಸುತ್ತಾರಂತೆ. ಮಾಡಿಯೂ ಕೊಟ್ಟಳು. ನಮ್ಮ ದೊಡ್ಡಮ್ಮ ಒಂದು ತುತ್ತು ತಿಂದು, “ಚೆನ್ನಾಗದೆ. ಪಾಪ, ಮೆಣಸಿನ್ಕಾಯಿ ಮರ್ತವ್ಳೆ” ಅಂದರು.

ದೊಡ್ಡಮ್ಮ ಅಂದರೆ ನನ್ನ ಗಂಡನ ದೊಡ್ಡಮ್ಮ, ನಮ್ಮ ಜೊತೆಯಲ್ಲೇ ಇದ್ದಾರೆ. ಬೀದಿಯ ಹೆಂಗಸರ ಭಜನೆ ಮೇಳಕ್ಕೆ ಅವರೇ ಹಿರಿಯರು. ತಾಳ ಅವರ ಕೈಯಲ್ಲಿ, ಹಾರ್ಮೋನಿಯಂ ನನ್ನ ಕೈಯಲ್ಲಿ. ನಾನು ನುಡಿಸುವ ಚೆಂದಕ್ಕೆ ಮೇಳದವರು ನನ್ನಿಂದ ಕೊಂಚ ದೂರವೇ ಕೂರುತ್ತಾರೆ, ಅದಿರಲಿ.

ಒಂದು ಸಂಜೆ ದನೂತಾ ಮೆಟ್ಟಿಲ ಮೇಲೆ ಕೂತಿದ್ದಳು. ಊರಲ್ಲಿ ಅವಳಪ್ಪ ತೀರಿಕೊಂಡಿದ್ದರು. ವಿಮಾನ ಸಿಕ್ಕಿರಲಿಲ್ಲ, ಮಣ್ಣೂ ಆಗಿಹೋಗಿತ್ತು. ಅವರಲ್ಲಿ ಒಂದು ಹಳೆಯ ಕಾಲದ ಪದ್ಯವಿದೆಯಂತೆ, ಶಾಲೆಗೆ ಹೋದವರಿಗೆಲ್ಲ ಬಾಯಿಪಾಠವಂತೆ. ಹಿಮ ಮುಚ್ಚಿದ ಹೊಲದ ಬದುವಿನಲ್ಲಿ ನಿಂತ ರೈತ, ಇದು ಸತ್ತಿಲ್ಲ, ಮಲಗಿದೆ, ಎಬ್ಬಿಸಬೇಡಿ ಅನ್ನುತ್ತಾನೆ. ಚಳಿಗಾಲದ ಸಂಜೆ ಅಪ್ಪ ಸಭೆಯ ಮುಂದೆ ನಿಂತವರ ಹಾಗೆ ಎದ್ದು ನಿಂತು ಅದನ್ನು ಹೇಳುತ್ತಿದ್ದರಂತೆ. “ನಾನು ಸತ್ತಾಗ ನೀನು ಹೇಳು, ಜನರ ಮುಂದೆ, ಪೂರ್ತಿ ಹೇಳು” ಎಂದು ಮಾತು ತೆಗೆದುಕೊಂಡಿದ್ದರು. ಅದು ಆಗಲಿಲ್ಲವಲ್ಲ ಎಂದು ಅವಳು ಅತ್ತಳು.

ನನಗೆ ಹಟ ಹಿಡಿಯಿತು. ಹಟ ಹಿಡಿದರೆ ನಾನು ಯಾರಪ್ಪನ ಮಾತೂ ಕೇಳುವವಳಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ತಿಥಿಯ ದಿನ ಭಜನೆ ಮಾಡುತ್ತೇವೆ. ಈ ಮಹಡಿ ನಮ್ಮ ಮನೆಯದೇ ತಾನೆ? ಇಲ್ಲೇ ಹೇಳಲಿ, ನಾವು ಹಾಡುತ್ತೇವೆ ಎಂದು ತೀರ್ಮಾನಿಸಿಬಿಟ್ಟೆ.

“ಯಾವ ದೇವ್ರ ಪದವಮ್ಮಿ ಅದು?” ಎಂದರು ದೊಡ್ಡಮ್ಮ.

“ದೇವ್ರು ಇಲ್ಲ ದೊಡ್ಡಮ್ಮ. ಒಂದು ಹೊಲ ಅದೆ.”

ಅವರು ಸ್ವಲ್ಪ ಯೋಚಿಸಿದರು. “ಹೊಲ ಇದ್ರೆ ಸಾಕು ಬುಡು.”

ಷಿಫ್ಟು ಮುಗಿಸಿ ಬಂದು ದಿನವೂ ಕೂತೆವು. ದನೂತಾ ಕಾರ್ಖಾನೆಯ ಇಂಗ್ಲಿಷಿನಲ್ಲಿ ಅರ್ಥ ಹೇಳುವಳು, ನಾನು ಕನ್ನಡದಲ್ಲಿ ಕಟ್ಟುವೆ. ಹಿಮವನ್ನು ನಮ್ಮವರ್ಯಾರೂ ಕಂಡಿಲ್ಲ. ತಳಿಯ ರಾಗಿ ಹೊಲಗಳ ಮೇಲೆ ಬೆಳಗಿನ ಜಾವ ಕೂರುವ ಮಂಜನ್ನು ತಂದು ಅದರ ಜಾಗದಲ್ಲಿಟ್ಟೆ. ಧಾಟಿ ದೊಡ್ಡಮ್ಮ ಕೊಟ್ಟರು, ಅವರ ತಾಯಿ ರಾಗಿ ಬೀಸುವಾಗ ಹಾಡುತ್ತಿದ್ದ ಧಾಟಿ. ಕನ್ನಡ ಅದರಲ್ಲಿ ಸಲೀಸಾಗಿ ಕೂತಿತು. ಪೋಲೆಂಡಿನ ಮಾತು ಮಾತ್ರ ಜಪ್ಪಯ್ಯ ಅಂದರೂ ಕೂರಲಿಲ್ಲ. ಅವರು ಒತ್ತು ಕೊಡುವುದು ಪದದ ಬಾಲದ ಹತ್ತಿರ, ನಮ್ಮ ತಾಳ ಬೀಳುವುದು ತಲೆಯ ಮೇಲೆ. ಹಾರ್ಮೋನಿಯಂ ಜೊತೆ ಜಗಳವಾಡಿ ಆಡಿ ಕೊನೆಗೆ ಒಂದು ದಾರಿ ಹುಡುಕಿದೆ. ಅವಳು ಅಪ್ಪನ ಹಾಗೆ ನಿಂತು ಒಂದು ನುಡಿಯನ್ನು ಬರೀ ಮಾತಿನಲ್ಲಿ ಹೇಳುವುದು, ಆಮೇಲೆ ನಾವು ಅದೇ ನುಡಿಯನ್ನು ಕನ್ನಡದಲ್ಲಿ ಹಾಡುವುದು. ಅವಳು ಹೇಳುವಾಗ ತಾಳವಿಲ್ಲ, ಯಾರೂ ಬಾಯಿ ತೆರೆಯುವಂತಿಲ್ಲ. ಇದು ನನ್ನ ಕಾನೂನು.

“ಎತ್ಕೊಳ್ಳೋರಿಲ್ದೆ ಪದ ಹೇಳ್ತಾರೇನಮ್ಮಿ ಯಾರಾನ?” ಎಂದು ದೊಡ್ಡಮ್ಮ ಮುಖ ಗಂಟಿಕ್ಕಿದರು. ಭಜನೆಯಲ್ಲಿ ಒಬ್ಬರು ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಹೇಳುವವರಿಗೆ ಕೆಮ್ಮು ಬರಲಿ, ಮರೆತುಹೋಗಲಿ, ಸಾಲು ಮೇಳದ ಬಾಯಲ್ಲಿ ನಡೆದೇ ಇರುತ್ತದೆ. ಅದೆಲ್ಲ ನನಗೂ ಗೊತ್ತು. ಆದರೂ, “ಇದು ಹಾಡಲ್ಲ ದೊಡ್ಡಮ್ಮ, ಮಾತು. ಉಸಿರು ಬಿಡ್ಬಾರ್ದು ನೀವ್ಯಾರೂ” ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ.

ಆ ಸಂಜೆ ಮಹಡಿಯ ಮುಂದಿನ ಕೋಣೆ ತುಂಬಿತ್ತು. ಅವಳಪ್ಪನ ಫೋಟೋಗೆ ನಾವು ಚೆಂಡುಹೂವಿನ ಹಾರ ಹಾಕಿದ್ದೆವು, ಅವಳು ಕೆಳಗೊಂದು ಕಟ್ಟು ಸಬ್ಬಸಿಗೆ ಇಟ್ಟಿದ್ದಳು. ಎರಡು ನುಡಿ ಚೆನ್ನಾಗಿ ಆಯಿತು. ಮೂರನೆಯದರಲ್ಲಿ ರೈತ ಹೊಲಕ್ಕೇ ಜೋಗುಳ ಹೇಳುತ್ತಾನೆ, ಮಲಗು ಹೊಲವೇ ಮಲಗು ಎಂದು. “ಶ್ಪಿಯ್, ಪೋಲೆ, ಶ್ಪಿಯ್” ಎಂದಳು ದನೂತಾ. ಅಷ್ಟೇ. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ನಾನು ಕಾನೂನು ಮಾಡಿದ ಮಹಾರಾಣಿ, ಹಾರ್ಮೋನಿಯಂ ಮನೆಗಳ ಮೇಲೆ ಬೆರಳಿಟ್ಟು ಕಲ್ಲಾಗಿ ಕೂತಿದ್ದೆ. ಎಲ್ಲರೂ ಮರ್ಯಾದೆಗೆ ನೆಲ ನೋಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಒಳಕ್ಕೆ ತಿರುಗಿಯೇಬಿಟ್ಟಳು. ಅಪ್ಪನ ಪದ್ಯ ಅರ್ಧಕ್ಕೇ ಹೋಯಿತು ಅಂದುಕೊಂಡೆ.

ಆಗ ತಾಳ ಬಿತ್ತು. “ಇಸ್ಪೀ ಪೋಲೇ ಇಸ್ಪೀ” ಎಂದು ದೊಡ್ಡಮ್ಮ ಬೀಸುವ ಪದದ ಧಾಟಿಯಲ್ಲಿ ಎತ್ತಿಕೊಂಡರು. ಹೆಂಗಸರೆಲ್ಲ ಹಿಂದೆಯೇ ಎತ್ತಿಕೊಂಡರು. ನಾನು ಅಷ್ಟು ದಿನ ಒದ್ದಾಡಿದರೂ ಕೂರದ ಮಾತು ಅವರ ಬಾಯಲ್ಲಿ ಹೇಗೆ ಕೂತಿತೋ ಕಾಣೆ! ಮತ್ತೆ ಮತ್ತೆ ಅದೇ ಸಾಲು, ಬಿಡಲೇ ಇಲ್ಲ. ದನೂತಾ ತಿರುಗಿ ನೋಡಿದಳು, ಅಳುತ್ತಲೇ ನಕ್ಕಳು, ಆಮೇಲೆ ದನಿ ಸೇರಿಸಿದಳು. ಆ ಸಾಲಿನಿಂದ ಮುಂದಿನ ಸಾಲಿಗೆ ಹೋದಳು. ಕೊನೆಯವರೆಗೂ ಹೇಳಿದಳು.

ಮುಗಿದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿ, “ನಿನ್ನ ರೂಲ್ಸು ನಿನ್ನ ಸ್ಟೋರ್ಸ್‌ನಾಗೆ ಮಡೀಕೋ ಕಣಮ್ಮಿ” ಅಂದರು. ಮಡಗಿಕೊಂಡೆ.

ಊರಿಗೆ ಹೊರಡುವ ಹಿಂದಿನ ದಿನ ದನೂತಾ ಹೇಳಿದಳು, “ನಮ್ಮಲ್ಲಿ ಯಾರಾದರೂ ಹಾಗೆ ಅರ್ಧಕ್ಕೇ ನಿಂತುಬಿಟ್ಟರೆ ತಲೆ ತಗ್ಗಿಸಿ ಕಾಯುತ್ತಾರೆ. ಅವತ್ತು ಕಾದಿದ್ದರೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.”

ಸರಿ, ಈಗ ಪಾಪಮ್ಮನ ಬುಟ್ಟಿಗೆ ಬನ್ನಿ. ಅವಳು ಇನ್ನೂ ನೀರು ಚಿಮುಕಿಸುತ್ತಲೇ ಇದ್ದಳು, ಸೊಪ್ಪು ತೊಯ್ದು ತೊಪ್ಪೆಯಾಗಿತ್ತು. ಮೊದಲಾಗಿದ್ದರೆ ನಾನೂ ನೆಲ ನೋಡಿ, ದುಡ್ಡು ಕೊಟ್ಟು ಹೊರಟುಬಿಡುತ್ತಿದ್ದೆ.

“ಸಬ್ಬಸಿಗೆ ಬಸ್ಸಾರು ಅಂದ್ರೆ...” ಎಂದೆ.

ಅವಳು ತಲೆ ಎತ್ತಿದಳು. “ಅಂದ್ರೆ ಪ್ರಾಣ ಕಣಕ್ಕ. ಇನ್ನೊಂದು ಮುದ್ದೆ ಹಾಕು ಅನ್ನೋರು...” ದನಿ ಮತ್ತೆ ಹೋಯಿತು.

ಅಷ್ಟರಲ್ಲಿ ಕಂಪನಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಡ್ರೈವರಿಗೆ ಹೋಗೆಂದು ಕೈ ಆಡಿಸಿ, ಸೀರೆ ಎತ್ತಿಕಟ್ಟಿ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತೆ.

“ಇನ್ನೊಂದು ಮುದ್ದೆ ಹಾಕು ಅನ್ನೋರು,” ಎಂದೆ.

ಪಾಪಮ್ಮ ಮುಂದಿನದು ಹೇಳಿದಳು.