ಅಕ್ಕನಿಗೆ ನಾನು ಆರಿಸಿದ ಮೌನ

ನಾನು ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ.

ಗಿರಾಕಿಗಳನ್ನು ಕೇಳುತ್ತೇನೆ. ತೋಳು ಎಷ್ಟುದ್ದ ಬೇಕು, ಕತ್ತು ಎಷ್ಟು ಇಳಿಯಬೇಕು, ಹುಕ್ಕು ಹಿಂದೋ ಮುಂದೋ. ಒಂದು ಬ್ಲೌಸಿಗೆ ಹತ್ತು ಪ್ರಶ್ನೆ. ಒಡಹುಟ್ಟಿದವಳನ್ನು ಹತ್ತು ದಿನದ ಧ್ಯಾನ ಶಿಬಿರಕ್ಕೆ ಕಳಿಸುವಾಗ ಮಾತ್ರ ಒಂದೂ ಇಲ್ಲ.

ಅಕ್ಕ ಬಾಳೂರು ಕಡೆಯ ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿ ಕೊಯ್ಯುವ ಹೆಂಗಸರ ಮೇಸ್ತ್ರಿಯಾಗಿದ್ದವಳು. ನನ್ನನ್ನು ಸಾಕಿದವಳೂ ಅವಳೇ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಹೊಲಿಗೆ ಮೆಷಿನ್ ಮುಂದೆ ಕೂರಿಸಿದ್ದೂ ಅವಳೇ.) ಮಂಡಿ ಸವೆದ ಮೇಲೆ ಮೂಡಿಗೆರೆಗೆ ಬಂದು ನನ್ನ ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಳು. ಬೆಳಿಗ್ಗೆ ಷಟರ್ ಎತ್ತಿದಾಗಿನಿಂದ ಇಳಿಸುವವರೆಗೆ ಮಾತು.

ಒಂದು ದಿನ ಟೀಚರೊಬ್ಬರು ಅಳತೆ ಕೊಡುತ್ತಿದ್ದರು. ಅಕ್ಕ ಕೂತಲ್ಲಿಂದಲೇ, "ಟೀಚರೇ, ಹೋದ ಸಲಕ್ಕಿಂತ ಎರಡಿಂಚು ಜಾಸ್ತಿ ಆಗಿದ್ದೀರಿ. ಒಳ್ಳೇದೇ ಬಿಡಿ, ಮೊದಲು ಒಣಗಿದ ಮೆಣಸಿನ ಬಳ್ಳಿ ಹಾಗಿದ್ರಿ" ಎಂದಳು. ಟೀಚರ್ ಬಟ್ಟೆ ಮಡಚಿಕೊಂಡು ಹೊರಟೇಹೋದರು.

ಅದೇ ವಾರ ಕಳಸದ ಕಡೆಯ ಶಿಬಿರವೊಂದರ ಕಾಗದ ಕೈಗೆ ಬಂತು. ನಮ್ಮ ಬೆಟ್ಟಗಳಲ್ಲಿ ಈಗ ಎರಡು ತಿರುವಿಗೊಂದು ಧ್ಯಾನದ ಬೋರ್ಡ್ ಇದೆಯಲ್ಲ? ಇದರಲ್ಲಿ ಮೂರು ಪದ್ಧತಿ ಇತ್ತು. ಭಜನೆಯದು, ತೋಟದ ಕೆಲಸ ಮಾಡುತ್ತಲೇ ಧ್ಯಾನಿಸುವುದು, ಪೂರ್ತಿ ಮೌನದ್ದು. ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು.

ಆರಿಸಿದೆ. ನನಗೆ ಹೊಂದುವುದನ್ನು.

"ಎಂತ ಮಾಡ್ಬೇಕು ಅಲ್ಲಿ?" ಎಂದಳು ಅಕ್ಕ.

"ಸುಮ್ನೆ ಕೂತ್ಕೊಳ್ಳೋದು. ಮನಸ್ಸಿಗೆ ಒಳ್ಳೇದಂತೆ."

"ನೀನು ಹೇಳಿದ್ಮೇಲೆ ಸರಿ ಇರ್ತದೆ" ಎಂದು ಫಾರಂ ಓದದೆ ಸಹಿ ಹಾಕಿದಳು.

ಹತ್ತು ದಿನ ಕಳೆದು ಬಂದಳು. ಬಂದ ಮೇಲೂ ಸುಮ್ಮನಿದ್ದಳು. ಊಟ ಅಂದರೆ ಹ್ಞೂಂ, ಕಾಫಿ ಅಂದರೆ ಸಾಕು. "ಎಂಥ ಶಿಬಿರ ಮಾರಾಯ್ತಿ, ನಮ್ಮತ್ತೆಗೂ ಒಂದು ಸೀಟ್ ಸಿಗ್ತದಾ?" ಎಂದು ಗಿರಾಕಿಗಳು ಕೇಳಿದರು. ನಾನೂ ನಕ್ಕೆ. ಸುಳ್ಳು ಯಾಕೆ, ಮೊದಲ ನಾಲ್ಕು ದಿನ ಹಾಯಾಗಿತ್ತು. ಐದನೇ ದಿನ ಅವಳ ತಟ್ಟೆಯಲ್ಲಿ ಅನ್ನ ಹಾಕಿದಂತೆಯೇ ಉಳಿಯಿತು. ಆಗ ಹೆದರಿದೆ. ಹೋದ ಅಕ್ಕ ಇನ್ನು ವಾಪಸ್ ಬರುವುದೇ ಇಲ್ಲವೇ?

ಮೊನ್ನೆ, ಅಕ್ಕನ ಕೈಕೆಳಗೆ ಕಾಫಿ ಕೊಯ್ಯುತ್ತಿದ್ದ ಲಲಿತಮ್ಮ ಅಂಗಡಿಗೆ ಬಂದರು. ಅಕ್ಕ ಬಾಯಿ ಬಿಗಿದು ಕೂತಿದ್ದನ್ನು ನೋಡಿದವರೇ ಮೆಟ್ಟಿಲಲ್ಲೇ ನಿಂತರು. ದನಿ ತಗ್ಗಿಸಿ, "ಎಂತ ಮೇಸ್ತ್ರಿಯಕ್ಕಾ, ಆನೆ ಇದ್ಯಾ?" ಎಂದರು.

ನನಗೆ ನಗು ಬಂತು. ಅವರು ನಗಲಿಲ್ಲ.

"ನಿಂಗೆಲ್ಲಿ ಗೊತ್ತು, ಮೆಷಿನ್ ತುಳಿದವಳು ನೀನು. ಮಂಜು ಬಿದ್ರೆ ಪಕ್ಕದ ಗಿಡಾನೂ ಕಾಣಲ್ಲ. ಇವ್ರು ವಟವಟ ಅಂತಿದ್ರೆ ಎಲ್ಲ ಸರಿ ಇದೆ ಅಂತ ನಾವು ಕೊಯ್ತಾ ಇರ್ತಿದ್ವಿ. ಆನೆ ಕಂಡ್ರೆ ಕೂಗ್ತಿರ್ಲಿಲ್ಲ, ಮಾತು ನಿಲ್ಲಿಸ್ತಿದ್ರು. ಅಷ್ಟೇ. ಚೀಲ ಅಲ್ಲೇ ಬಿಟ್ಟು ಮೆಲ್ಲಗೆ ಕೆಳಗಿಳೀತಿದ್ವಿ."

ಅಕ್ಕ ಬಾಯಿ ತೆರೆದಳು. "ಅಲ್ಲಿ ನಲವತ್ತು ಜನ ಕಣೇ ಲಲಿತಾ. ಒಬ್ರೂ ತುಟಿ ಬಿಚ್ಚಲ್ಲ. ಒಳ್ಳೆ ಜನವೇ, ಗಂಜಿನೂ ಚೆನ್ನಾಗಿತ್ತು. ಆದ್ರೆ ಹತ್ತು ದಿನಾನೂ, ಇಲ್ಲೇ ಎಲ್ಲೋ ಆನೆ ನಿಂತಿದೆ ಅಂತಾನೇ ಕೂತಿದ್ದೆ. ಕಣ್ಣು ಮುಚ್ಚು ಅಂದ್ರೆ ಹೆಂಗೆ ಮುಚ್ಚೋದು?"

"ಎದ್ದು ಬರೋದಲ್ವಾ?" ಎಂದರು ಲಲಿತಮ್ಮ.

"ಬಾಯಿ ಮುಚ್ಚೋದು ಕಲ್ತು ಬಾ ಅಂತ ಕಳಿಸಿದ್ದಾಳೆ. ಕಲಿಯದೆ ಬಂದ್ರೆ ಮತ್ತೆ ಕಳಿಸ್ತಾಳೆ."

"ಇಲ್ಲಕ್ಕ, ನಿನ್ನ ಒಳ್ಳೇದಕ್ಕೇ..." ಎಂದೆ. ಆಗಲೂ ಸುಳ್ಳು.

ಮೌನವೇ ಎಲ್ಲಕ್ಕಿಂತ ದೊಡ್ಡದು ಎಂದು ಇನ್ನು ಯಾರೂ ನನಗೆ ಹೇಳಬೇಡಿ. ಟಿವಿಯಲ್ಲಿ ಬರುವವರೂ ಬೇಡ, ಹೋಗಿಬಂದು ಮುಖ ಹೊಳೆಸಿಕೊಂಡಿರುವ ಗೆಳತಿಯರೂ ಬೇಡ. ಹೊಂದುವವರಿಗೆ ಹೊಂದುತ್ತದೆ, ಹೋಗಲಿ. ದಿನವಿಡೀ ಮೆಷಿನ್ ಸದ್ದಿನಲ್ಲಿರುವ ನನಗೆ ಹೊಂದುತ್ತಿತ್ತೇನೋ. ಹಾಗಿದ್ದರೆ ಶಿಬಿರದ ಜೀಪು ಹತ್ತಬೇಕಾಗಿದ್ದವಳು ನಾನು. ಅಕ್ಕ ಮಂಜಿನೊಳಗೆ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡುತ್ತ ಮೂವತ್ತು ವರ್ಷ ಎಚ್ಚರವಾಗಿದ್ದಳಲ್ಲ, ಅದನ್ನು ಧ್ಯಾನ ಅನ್ನದೆ ಏನನ್ನಬೇಕು? ಅಷ್ಟು ಹೆಂಗಸರ ಜೀವ ಕಾಯ್ದ ಬಾಯಿಯನ್ನು ಕಾಯಿಲೆ ಎಂದುಕೊಂಡ ನಾನು, ಅವಳಿಗೆ ಪದ್ಧತಿ ಆರಿಸಲು ಯಾರು?

(ಓದಿ ಸಿಟ್ಟು ಬಂದವರು ಅಂಗಡಿಗೇ ಬನ್ನಿ. ಬ್ಲೌಸ್ ಪೀಸ್ ತನ್ನಿ. ಅಕ್ಕನ ಎದುರೇ ಅಳತೆ ತೆಗೆಯುತ್ತೇನೆ.)

ಇದೆಲ್ಲ ಆ ಕ್ಷಣಕ್ಕೇ ಹೊಳೆಯಿತು ಎನ್ನುವುದಿಲ್ಲ. ಆಗ ಮಾಡಿದ್ದು ಇಷ್ಟೇ. ಮೆಷಿನ್ ಬಿಟ್ಟು ಎದ್ದೆ. ಇನ್ನಿಬ್ಬರು ಗಿರಾಕಿಗಳಿದ್ದರು, ಇರಲಿ ಎಂದುಕೊಂಡೆ. ಅಕ್ಕನ ಪಕ್ಕ ನೆಲದ ಮೇಲೆ ಕೂತು ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ಒಳ್ಳೇದಕ್ಕೆ ಅಂದಿದ್ದು ಸುಳ್ಳು. ನಾಲ್ಕು ಜನರ ಮುಂದೆ ನೀನು ಮಾತಾಡಿದ್ರೆ ನಂಗೆ ನಾಚಿಕೆ ಆಗ್ತಿತ್ತು, ಅದಕ್ಕೇ ಕಳಿಸಿದೆ. ತಪ್ಪಾಯ್ತು."